ಹೆಜ್ಜೆಗುರುತು ಮತ್ತು ಹೊತ್ತಗೆ: ಕೊಪಣದ ಜಟಾಸಿಂಹನಂದಿಯಿಂದ ಸತೀಶ್ ಕುಮಾರರವರೆಗೆ

ಕೊಪ್ಪಳದ ಪಾಲ್ಕಿಗುಂಡು ಬೆಟ್ಟದ ಮೇಲೆ, ಅಶೋಕನ ಕಿರುಶಾಸನಕ್ಕೆ ಅನತಿ ದೂರದಲ್ಲಿ, ಬಂಡೆಯಲ್ಲಿ ಕೊರೆದ ಒಂದು ಜೊತೆ ಪಾದಗಳಿವೆ. ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ, ಚಾವಯ್ಯನೆಂಬವನು ಅವನ್ನು ಮಾಡಿಸಿದನೆಂದೂ ಅಲ್ಲಿಯ ಪುಟ್ಟ ಹಳಗನ್ನಡ ಶಾಸನ ತಿಳಿಸುತ್ತದೆ. ಈ ಆಚಾರ್ಯನೇ ಸಂಸ್ಕೃತ 'ವರಾಂಗಚರಿತ'ದ ಕರ್ತೃವಾದ ಜಟಾಸಿಂಹನಂದಿ ಎಂಬುದು ಆ ಕಾವ್ಯವನ್ನು 1938ರಲ್ಲಿ ಸಂಪಾದಿಸಿ ಪ್ರಕಟಿಸಿದ ಡಾ. ಆ.ನೇ. ಉಪಾಧ್ಯೆಯವರ ನಿಲುವು. 779ರ 'ಕುವಲಯಮಾಲೆ'ಯಲ್ಲಿ ಉದ್ದ್ಯೋತನಸೂರಿ ಈ ಕವಿಯನ್ನು ನೆನೆದಿರುವುದರಿಂದ ಅವನ ಕಾಲ ಅದಕ್ಕಿಂತ ಈಚಿನದಾಗಲಾರದು. ಆದಿಕವಿ ಪಂಪನೂ ಅವನನ್ನು ಗೌರವದಿಂದ ಸ್ಮರಿಸಿದ್ದಾನೆ.

ಬೇವೂರಿನ ಕಡೆಯಿಂದ ಕೊಪ್ಪಳಕ್ಕೆ ಬರುವ ನಮ್ಮಂಥವರಿಗೆ ಆ ಬೆಟ್ಟ ಹೊಸದಲ್ಲ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡಿದೆ. 31 ಸರ್ಗಗಳ ಮಹಾಕಾವ್ಯ ಬರೆದವನ ನೆನಪಿಗೆ ಭಕ್ತನು ಕಲ್ಲಿನಲ್ಲಿ ಕಂಠವನ್ನಾಗಲಿ ಹೊತ್ತಗೆಯನ್ನಾಗಲಿ ಕೊರೆಸಲಿಲ್ಲ, ಪಾದಗಳನ್ನು ಕೊರೆಸಿದ. ಪಾದಪೂಜೆಯ ಸಂಪ್ರದಾಯ ಎಂಬುದು ಇದಕ್ಕೆ ಸಿದ್ಧ ಉತ್ತರ. ಆದರೆ ಆ ಸಂಪ್ರದಾಯದ ಒಳಗೇ ನಡಿಗೆಗೂ ಬರವಣಿಗೆಗೂ ಇರುವ ಸಂಬಂಧವೇನು ಎಂಬುದನ್ನು ನಾವು ಸಾಕಷ್ಟು ವಿಚಾರಿಸಿಲ್ಲ.

ಜೈನ ಮುನಿಗೆ ನಡಿಗೆ ಪ್ರಯಾಣದ ಸಾಧನವಲ್ಲ, ವ್ರತ. ಐದು ಸಮಿತಿಗಳಲ್ಲಿ ಮೊದಲನೆಯದೇ ಈರ್ಯಾಸಮಿತಿ: ಹಗಲಿನ ಬೆಳಕಿನಲ್ಲಿ, ನೊಗದಳತೆಯ ನೆಲವನ್ನು ನೋಡುತ್ತ, ಸೂಕ್ಷ್ಮಜೀವಿಗೂ ನೋವಾಗದಂತೆ ಹೆಜ್ಜೆಯಿಡಬೇಕು. ಮಳೆಗಾಲದ ವರ್ಷಾಯೋಗದ ಹೊರತು ಒಂದೆಡೆ ನೆಲೆನಿಲ್ಲುವಂತಿಲ್ಲ. ಅಪರಿಗ್ರಹಿಯಾದ ದಿಗಂಬರ ಮುನಿಗೆ ಶಾಸ್ತ್ರವು ಒಪ್ಪಿದ ಉಪಕರಣಗಳು ಮೂರು ಬಗೆಯವು: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರಗ್ರಂಥ. ಬಟ್ಟೆಯನ್ನೂ ಬಿಟ್ಟವನ ಕೈಯಲ್ಲಿ ಹೊತ್ತಗೆಗೆ ಜಾಗ ಉಳಿದಿದೆ ಎಂಬುದು ಸಾಹಿತ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಕೊಪ್ಪಳದ್ದೇ ಶಕ 803ರ (ಕ್ರಿ.ಶ. 881) ಶಾಸನವು ಸರ್ವನಂದಿ ಭಟಾರರು ಇಲ್ಲಿಗೆ ಬಂದು ನೆಲೆಸಿ, ಊರಿಗೂ ತೀರ್ಥಕ್ಕೂ ಉಪಕಾರಿಗಳಾಗಿ, ಬಹುಕಾಲ ತಪಸ್ಸು ಮಾಡಿ ಸಂನ್ಯಸನದಿಂದ ಮುಡಿಪಿದುದನ್ನು ಹೇಳುತ್ತದೆ. ಬಂದವರು, ಬೋಧಿಸಿದವರು, ಇಲ್ಲಿಯೇ ನಡಿಗೆ ಮುಗಿಸಿದವರು: ಕೊಪಣ ತೀರ್ಥದ ಚರಿತ್ರೆಯೆಂದರೆ ಬಹುಮಟ್ಟಿಗೆ ಇಂಥವರ ಚರಿತ್ರೆ.

ಜಟಾಸಿಂಹನಂದಿಯ ಕಥಾವಸ್ತುವೂ ಅಲೆದಾಟದ್ದೇ. ದುಷ್ಟಮಂತ್ರಿಯ ಸಂಚಿನಿಂದ ಕುದುರೆಯೊಂದು ರಾಜಕುಮಾರ ವರಾಂಗನನ್ನು ಕಾಡಿಗೆ ಹೊತ್ತೊಯ್ಯುತ್ತದೆ. ಅವನು ರಾಜ್ಯ, ಪರಿವಾರ, ಕೊನೆಗೆ ಹೆಸರನ್ನೂ ಕಳೆದುಕೊಂಡು, ಸಾಗರವೃದ್ಧಿಯೆಂಬ ವರ್ತಕನ ಸಾರ್ಥದೊಡನೆ ಸೇರುತ್ತಾನೆ. ಪುಳಿಂದರನ್ನು ಸೋಲಿಸಿ 'ಕಶ್ಚಿದ್ಭಟ', ಅಂದರೆ ಯಾರೋ ಒಬ್ಬ ಯೋಧ, ಎಂದು ಹೆಸರಾಗುತ್ತಾನೆ. ಧರಣಿ ಪಂಡಿತನ 'ವರಾಂಗನೃಪಚರಿತೆ'ಯ ಮೂಲಕ ಈ ಕಥೆ ಕನ್ನಡಕ್ಕೂ ಬಂದಿತು. ಕಾವ್ಯದಲ್ಲಿ ಸಾಹಸಗಳಿಗೆ ಕೊರತೆಯಿಲ್ಲ. ಆದರೆ ನಾಯಕನು ಅವನ್ನು ಅರಸಿ ಹೋದವನಲ್ಲ. ಕೈಯಲ್ಲಿದ್ದುದೆಲ್ಲ ಜಾರಿದ ಮೇಲೆ ದಾರಿಯೇ ಅವನಿಗೆ ಅವನ್ನು ತಂದೊಡ್ಡುತ್ತದೆ. ಕೊನೆಯ ಸಾಹಸ ದೀಕ್ಷೆ.

ಈ ಹಿನ್ನೆಲೆಯಲ್ಲಿ ನಮ್ಮ ಕಾಲದ ಒಬ್ಬ ನಡಿಗೆಗಾರ ಲೇಖಕರನ್ನು ನೋಡಬಹುದು. ಸತೀಶ್ ಕುಮಾರ್ 1936ರಲ್ಲಿ ರಾಜಸ್ಥಾನದ ಶ್ರೀಡೂಂಗರ್‌ಗಢದಲ್ಲಿ ಹುಟ್ಟಿದವರು. ನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಬಾಲಕ ಒಂಬತ್ತನೆಯ ವಯಸ್ಸಿಗೆ ಶ್ವೇತಾಂಬರ ತೇರಾಪಂಥದಲ್ಲಿ ದೀಕ್ಷೆ ಪಡೆದ. ಮುಂದೆ 1949ರಲ್ಲಿ ಅಣುವ್ರತ ಆಂದೋಲನವನ್ನು ಆರಂಭಿಸಿದ ಆಚಾರ್ಯ ತುಲಸಿಯವರೇ ಗುರು. ಒಂಬತ್ತು ವರ್ಷಗಳ ವಿಹಾರದ ನಂತರ, ಗಾಂಧೀಜಿಯ ಬರಹವನ್ನು ಗುಟ್ಟಾಗಿ ಓದಿದ ತರುಣ ಮುನಿ ಸಂಘವನ್ನು ತೊರೆದು ವಿನೋಬಾ ಭಾವೆಯವರ ಭೂದಾನ ಪಾದಯಾತ್ರೆಯನ್ನು ಸೇರಿದರು. ಸಂಘದ ದೃಷ್ಟಿಯಲ್ಲಿ ಇದು ವ್ರತಭಂಗ. ಹಾಗಲ್ಲವೆಂದು ನಾವು ವಾದಿಸಬೇಕಾಗಿಲ್ಲ. ಆದರೆ ವ್ರತ ಬಿಟ್ಟವರ ಕಾಲು ನಡಿಗೆಯನ್ನು ಬಿಡಲಿಲ್ಲ ಎಂಬುದು ಚರಿತ್ರೆ.

ಅವರ ಬದುಕಿನ ಮಹಾಯಾತ್ರೆಯ ಸಂಕಲ್ಪ ಮೂಡಿದ್ದು ಕರ್ನಾಟಕದಲ್ಲಿ. 1961ರಲ್ಲಿ ಬೆಂಗಳೂರಿನ ಒಂದು ಉಪಾಹಾರಗೃಹದಲ್ಲಿ ಗೆಳೆಯ ಇ.ಪಿ. ಮೆನನ್ ಅವರೊಡನೆ ಕುಳಿತಿದ್ದಾಗ, ಅಣ್ವಸ್ತ್ರ ವಿರೋಧಿ ಪ್ರತಿಭಟನೆಗಾಗಿ ಬರ್ಟ್ರಂಡ್ ರಸೆಲ್ ಸೆರೆಮನೆ ಸೇರಿದ ಸುದ್ದಿಯನ್ನು ಓದಿದರು. ರಸೆಲ್ಲರಿಗೆ ಆಗ 89 ವರ್ಷ. ಆ ವಯೋವೃದ್ಧರು ಸೆರೆಗೆ ಹೋಗಿರುವಾಗ ನಾವು ಇಲ್ಲಿ ಕಾಫಿ ಕುಡಿಯುತ್ತಿದ್ದೇವಲ್ಲ ಎಂಬ ಲಜ್ಜೆಯೇ ಯಾತ್ರೆಯ ಬೀಜ. ಆಶೀರ್ವಾದ ಬೇಡಲು ಹೋದಾಗ ವಿನೋಬಾ ಎರಡು ನಿಯಮ ವಿಧಿಸಿದರು: ಹಣ ಒಯ್ಯಬಾರದು, ಮಾಂಸ ತಿನ್ನಬಾರದು. ಅಪರಿಗ್ರಹ ಮತ್ತು ಅಹಿಂಸೆ! ತೊರೆದು ಬಂದ ಮಹಾವ್ರತಗಳೆರಡು ಬೇರೆ ಬಾಗಿಲಿನಿಂದ ಹಿಂತಿರುಗಿದವು.

1962ರಲ್ಲಿ ದೆಹಲಿಯ ರಾಜಘಾಟಿನಿಂದ ಇಬ್ಬರೂ ಹೊರಟರು. ಪಾಕಿಸ್ತಾನದ ಗಡಿಯಲ್ಲಿ ಹಿತೈಷಿಯೊಬ್ಬರು ಬುತ್ತಿ ಕಟ್ಟಿಕೊಡಲು ಬಂದರು. ಬುತ್ತಿ ಒಯ್ದರೆ ಎದುರಾಗುವ ಜನರ ಮೇಲೆ ನಂಬಿಕೆಯಿಲ್ಲವೆಂದಂತಾಗುತ್ತದೆ ಎಂದು ಸತೀಶ್ ಕುಮಾರ್ ಅದನ್ನು ಒಲ್ಲೆನೆಂದರು. ಅಫಘಾನಿಸ್ತಾನ, ಇರಾನ್, ಆರ್ಮೇನಿಯ, ಜಾರ್ಜಿಯ ದಾಟಿ ಮಾಸ್ಕೋ. ಅಲ್ಲಿಂದ ಪ್ಯಾರಿಸ್, ಲಂಡನ್, ವಾಷಿಂಗ್‌ಟನ್. ಅವರು ದಾರಿಯಲ್ಲಿದ್ದಾಗಲೇ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಸಂಭವಿಸಿತು. ಜಾರ್ಜಿಯದ ಚಹಾ ಕಾರ್ಖಾನೆಯ ಮಹಿಳೆಯರು ನಾಲ್ಕು ಪೊಟ್ಟಣ ಚಹಾ ಕೊಟ್ಟು, ನಾಲ್ಕು ಅಣ್ವಸ್ತ್ರ ರಾಷ್ಟ್ರಗಳ ನಾಯಕರಿಗೆ ತಲುಪಿಸಲು ಕೇಳಿಕೊಂಡರು; ಗುಂಡಿ ಒತ್ತುವ ಮುನ್ನ ಅವರು ಒಂದು ಬಟ್ಟಲು ಚಹಾ ಕುಡಿದು ಯೋಚಿಸಲೆಂಬುದು ಅವರ ಸಂದೇಶ. ಪ್ಯಾರಿಸಿನಲ್ಲಿ ಸೆರೆವಾಸವಾಯಿತು. ಬ್ರಿಟನ್ನಿನಲ್ಲಿ ರಸೆಲ್ಲರ ಭೇಟಿಯಾಯಿತು. ಸುಮಾರು 8,000 ಮೈಲಿಗಳ ಈ ಯಾತ್ರೆ ಅಮೆರಿಕದಲ್ಲಿ ಕೆನಡಿಯವರ ಸಮಾಧಿಯ ಬಳಿ ಮುಗಿಯಿತು. ಗಾಂಧಿ ಸಮಾಧಿಯಿಂದ ಕೆನಡಿ ಸಮಾಧಿಗೆ: ಎರಡೂ ಗುಂಡಿಗೆ ಬಲಿಯಾದವರ ನೆಲೆಗಳು.

ಬರಹ ಬಂದುದು ನಿಧಾನವಾಗಿ. 1973ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿ 'ರಿಸರ್ಜೆನ್ಸ್' ಪತ್ರಿಕೆಯ ಸಂಪಾದಕರಾದರು; ನಾಲ್ಕು ದಶಕಗಳಿಗೂ ಮಿಕ್ಕಿ ಆ ಹೊಣೆ ಹೊತ್ತರು. ಆತ್ಮಕಥೆಗೆ ಅವರಿಟ್ಟ ಹೆಸರು 'ನೋ ಡೆಸ್ಟಿನೇಷನ್', ಗಮ್ಯವಿಲ್ಲ ಎಂದರ್ಥ. ಐವತ್ತು ತುಂಬಿದಾಗ ಮತ್ತೆ ಹಣವಿಲ್ಲದೆ ಬ್ರಿಟನ್ನಿನ ಪುಣ್ಯಕ್ಷೇತ್ರಗಳಿಗೆ ಸುಮಾರು 2,000 ಮೈಲಿ ನಡೆದರು. 2002ರ 'ಯು ಆರ್, ದೇರ್‌ಫೋರ್ ಐ ಆಮ್' ಕೃತಿಯಲ್ಲಿ ತಾಯಿ, ಗುರು, ವಿನೋಬಾ, ಕೃಷ್ಣಮೂರ್ತಿ, ರಸೆಲ್ ಮೊದಲಾದವರಿಗೆ ತಮ್ಮ ಋಣವನ್ನು ಒಪ್ಪಿಸಿದ್ದಾರೆ. ಹೊಲಕ್ಕೆ ಕುದುರೆ ಏರಿ ಹೋಗಲೊಲ್ಲದೆ, ಕುದುರೆ ನಿಮ್ಮ ಮೇಲೆ ಕೂರುತ್ತೇನೆಂದರೆ ಒಪ್ಪುವಿರಾ ಎಂದು ಕೇಳುತ್ತಿದ್ದ ತಾಯಿ ಅವರ ಮೊದಲ ನಡಿಗೆಯ ಗುರು. ಸಹಯಾತ್ರಿ ಮೆನನ್ ಅವರೂ ಈ ಯಾತ್ರೆಯ ಅನುಭವಗಳನ್ನು ಗ್ರಂಥರೂಪಕ್ಕೆ ತಂದಿದ್ದಾರೆ.

ಹಾಗಾದರೆ ಇದು ವಿಹಾರದ ಮುಂದುವರಿಕೆಯೇ? ಪೂರ್ಣವಾಗಿ ಅಲ್ಲ. ಮುನಿ ವಾಹನವೇರುವುದಿಲ್ಲ, ಇವರು ಕಡಲು ದಾಟಲು ಹಡಗನ್ನೇರಿದರು. ಮುನಿಯ ಕಣ್ಣು ನೊಗದಳತೆಯ ನೆಲದ ಮೇಲಿದ್ದರೆ, ಇವರ ಕಣ್ಣು ನಾಲ್ಕು ರಾಜಧಾನಿಗಳ ಮೇಲಿತ್ತು. ಒಂದು ನಡಿಗೆ ಕರ್ಮನಿರ್ಜರೆಗೆ, ಇನ್ನೊಂದು ಲೋಕದ ಮನಸ್ಸಾಕ್ಷಿಗೆ. ಈ ಅಂತರವನ್ನು ಅಳಿಸಿಹಾಕುವುದು ವಿದ್ವತ್ತಿನ ಲಕ್ಷಣವಲ್ಲ. ಆದರೆ ಎರಡಕ್ಕೂ ಸಮಾನವಾದುದೊಂದಿದೆ: ಬರಿಗೈಯಲ್ಲಿ ನಡೆಯುವವನು ಎದುರಾದವರ ಅನ್ನವನ್ನೇ ನಂಬಬೇಕು, ನಂಬಿದವರನ್ನು ಅವನು ಹಗೆಯೆಂದು ಬರೆಯಲಾರ. ಬುತ್ತಿಯನ್ನು ನಿರಾಕರಿಸಿದ ಆ ಗಳಿಗೆಯಲ್ಲೇ ಆ ಬರವಣಿಗೆಯ ಧಾಟಿ ನಿರ್ಧಾರವಾಗಿತ್ತೆಂದು ನನಗೆ ತೋರುತ್ತದೆ.

ಪ್ರವಾಸ ಸಾಹಿತ್ಯವನ್ನು ಓದುವಾಗ ಲೇಖಕನು ಏನೇನು ಕಂಡನೆಂದು ನಾವು ಪಟ್ಟಿ ಮಾಡುತ್ತೇವೆ. ಏನನ್ನು ಬಿಟ್ಟು ಹೊರಟನೆಂದು ಕೇಳುವುದು ಅಪರೂಪ. ವರಾಂಗನಿಂದ ಸತೀಶ್ ಕುಮಾರರವರೆಗೆ ಆ ಎರಡನೆಯ ಪ್ರಶ್ನೆಯೇ ಹೆಚ್ಚು ಫಲ ಕೊಡುತ್ತದೆ. ಚಾವಯ್ಯ ಪಾದಗಳನ್ನೇ ಕೊರೆಸಿದ್ದೇಕೆ ಎಂಬುದಕ್ಕೂ ಬಹುಶಃ ಇದೇ ಉತ್ತರ: ಕಾವ್ಯವನ್ನು ಓಲೆಗರಿ ಉಳಿಸಿತು, ಆ ಕಾವ್ಯಕ್ಕೆ ಹಕ್ಕು ತಂದುಕೊಟ್ಟ ಬಾಳನ್ನು ಉಳಿಸುವ ಹೊಣೆ ಬಂಡೆಯದಾಯಿತು.