ವಿದ್ಯುತ್ ವಾಹನಗಳು ಮತ್ತು ಪೆಟ್ರೋಲ್ ಬಂಕ್‌ಗಳು: ಅರ್ಜಿದಾರರಿಗೆ ಮಾಹಿತಿ

ಹೊಸದಾಗಿ ಪೆಟ್ರೋಲ್ ಬಂಕ್ ಸ್ಥಾಪಿಸಲು ಇಚ್ಛಿಸುವವರು ಹಾಗೂ ಬಂಕ್‌ಗಾಗಿ ತಮ್ಮ ಜಮೀನನ್ನು ದೀರ್ಘಾವಧಿ ಗುತ್ತಿಗೆಗೆ ನೀಡಬಯಸುವವರು, ವಿದ್ಯುತ್ ವಾಹನಗಳ ಬಳಕೆ ಹೆಚ್ಚುತ್ತಿರುವುದನ್ನು ಗಮನದಲ್ಲಿರಿಸಿಕೊಂಡು ಅರ್ಜಿ ಸಲ್ಲಿಸುವುದು ಸೂಕ್ತ. ಬಂಕ್‌ಗಳು ಒಮ್ಮೆಲೇ ಮುಚ್ಚಿಹೋಗುತ್ತವೆಂಬ ಆತಂಕಕ್ಕೆ ಕಾರಣವಿಲ್ಲ. ಇಂದು ಖರೀದಿಸುವ ಖಾಸಗಿ ಪೆಟ್ರೋಲ್ ಕಾರಿನ ನೋಂದಣಿಯು 15 ವರ್ಷ ಊರ್ಜಿತದಲ್ಲಿರುತ್ತದೆ; ತದನಂತರ 5 ವರ್ಷಗಳಿಗೆ ನವೀಕರಿಸಲು ಅವಕಾಶವಿದೆ. ಆದರೆ ವಿತರಕರ ಕಮಿಷನ್ ಮಾರಾಟವಾದ ಇಂಧನದ ಪ್ರಮಾಣವನ್ನು ಅವಲಂಬಿಸಿದೆ. ಮಾರಾಟ ಕುಗ್ಗಿದರೆ ಬ್ಯಾಂಕ್ ಸಾಲದ ಕಂತು ಕುಗ್ಗುವುದಿಲ್ಲ.

ಬಂಕ್ ಸ್ಥಾಪನೆಗೆ ಪೆಟ್ರೋಲಿಯಂ ನಿಯಮಗಳು, 2002ರ ಅನ್ವಯ ಜಿಲ್ಲಾ ದಂಡಾಧಿಕಾರಿಗಳ ನಿರಾಕ್ಷೇಪಣಾ ಪತ್ರ ಹಾಗೂ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿ ಅಗತ್ಯ. ಚಾರ್ಜಿಂಗ್ ಕೇಂದ್ರದ ವಿಷಯ ಬೇರೆ. ವಾಹನಕ್ಕೆ ಚಾರ್ಜ್ ಮಾಡುವುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲವೆಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ವಿದ್ಯುಚ್ಛಕ್ತಿ ಅಧಿನಿಯಮ, 2003ರಡಿ ಪರವಾನಗಿ ಬೇಕಿಲ್ಲ; ಸುರಕ್ಷತಾ ನಿಯಮಗಳನ್ನು ಪಾಲಿಸಿದರೆ ಸಾಕು. ಇದರ ಪರಿಣಾಮವೆಂದರೆ, ಹೆದ್ದಾರಿ ಬದಿಯ ಹೋಟೆಲ್, ವಾಣಿಜ್ಯ ಸಂಕೀರ್ಣ, ಕೊನೆಗೆ ಮನೆಯ ಅಂಗಳ ಕೂಡ ಬಂಕ್‌ಗೆ ಪ್ರತಿಸ್ಪರ್ಧಿಯಾಗಬಲ್ಲದು. ಇನ್ನು 2019ರ ನವೆಂಬರ್‌ನಲ್ಲಿ ಹೊರಡಿಸಲಾದ ಕೇಂದ್ರದ ಮಾರ್ಗಸೂಚಿಯಂತೆ, ಹೊಸದಾಗಿ ಅಧಿಕಾರ ಪಡೆದ ಇಂಧನ ಕಂಪನಿಗಳು ತಮ್ಮ ಬಂಕ್ ಆರಂಭವಾದ 3 ವರ್ಷಗಳೊಳಗೆ ಸಿ.ಎನ್.ಜಿ., ಜೈವಿಕ ಇಂಧನ ಅಥವಾ ವಿದ್ಯುತ್ ಚಾರ್ಜಿಂಗ್‌ನಂತಹ ಕನಿಷ್ಠ ಒಂದು ಪರ್ಯಾಯ ಸೌಲಭ್ಯವನ್ನು ಅಲ್ಲಿ ಒದಗಿಸತಕ್ಕದ್ದು.

ಬಂಕ್ ಆವರಣದಲ್ಲಿ ಚಾರ್ಜರ್ ಅಳವಡಿಸುವವರು ಮುಖ್ಯವಾಗಿ ಸ್ಥಳಾವಕಾಶವನ್ನು ಪರಿಶೀಲಿಸಬೇಕು. ಪೆಟ್ರೋಲ್ ಆವಿ ಹರಡಬಹುದಾದ ಅಪಾಯ ವಲಯದಲ್ಲಿ, ಅಂದರೆ ಪಂಪ್, ಟ್ಯಾಂಕ್ ಬಾಯಿ ಹಾಗೂ ಆವಿ ಕೊಳವೆಗಳ ಸುತ್ತ, ಸಾಮಾನ್ಯ ವಿದ್ಯುತ್ ಉಪಕರಣಗಳಿಗೆ ಅವಕಾಶವಿಲ್ಲ. ಪೆಟ್ರೋಲ್ ತುಂಬಿಸಲು ಕೆಲವೇ ನಿಮಿಷ ಸಾಕು. 60 ಕಿಲೋವ್ಯಾಟ್ ಚಾರ್ಜರ್ ಪೂರ್ಣ ಸಾಮರ್ಥ್ಯದಲ್ಲಿ ನಡೆದರೂ 30 ಯೂನಿಟ್ ನೀಡಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ವಾಹನ ನಿಲ್ಲಿಸಲು ನಗರದೊಳಗಿನ ಇಕ್ಕಟ್ಟಾದ ಬಂಕ್‌ಗಳಲ್ಲಿ ಜಾಗ ಸಿಗುವುದು ವಿರಳ. ಊಟ, ಶೌಚಾಲಯ ಹಾಗೂ ನೆರಳಿನ ವ್ಯವಸ್ಥೆಯಿರುವ ಹೆದ್ದಾರಿ ಬಂಕ್‌ಗಳಿಗೆ ಇದೇ ಅನುಕೂಲವಾಗಿ ಪರಿಣಮಿಸಬಹುದು. ವಿದ್ಯುತ್ ಸಂಪರ್ಕಕ್ಕಾಗಿ ಆಯಾ ಪ್ರದೇಶದ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಸಲ್ಲಿಸತಕ್ಕದ್ದು. ಕರ್ನಾಟಕದಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ದರ ವರ್ಗವಿದೆ. ಹೆಚ್ಚಿನ ಹೊರೆಗೆ ಪರಿವರ್ತಕವೂ ಬೇಕಾಗಬಹುದಾದ್ದರಿಂದ, ಚಾರ್ಜರ್ ಖರೀದಿಗೆ ಮುನ್ನವೇ ಹೊರೆ ಮಂಜೂರಾತಿ ಪಡೆಯುವುದು ಒಳಿತು.

ಜಮೀನಿನ ಮಾಲೀಕರು ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು, ಬಂಕ್ ಮುಚ್ಚಿದಲ್ಲಿ ನೆಲದಡಿಯ ಟ್ಯಾಂಕ್‌ಗಳನ್ನು ಆವಿಮುಕ್ತಗೊಳಿಸಿ ತೆಗೆಯುವ ಹಾಗೂ ಸೋರಿಕೆಯಿಂದ ಕೆಟ್ಟ ಮಣ್ಣನ್ನು ಸರಿಪಡಿಸುವ ವೆಚ್ಚ ಯಾರದೆಂಬುದನ್ನು ಪತ್ರದಲ್ಲಿಯೇ ನಮೂದಿಸಿಕೊಳ್ಳತಕ್ಕದ್ದು.