ಚಿನ್ನ ಅಗೆದವರಿಗೆ ಸೂರು ಎಲ್ಲಿ?

ಮೈಮುರಿದು ದುಡಿದರೆ ಯಾರಾದರೂ ಮನೆ ಕಟ್ಟಬಹುದು, ಕಟ್ಟದವನು ಸೋಮಾರಿ ಇಲ್ಲಾ ಕುಡುಕ ಅನ್ನೋ ಮಾತನ್ನ ನಮ್ಮ ಜನ ತಲೆತಲಾಂತರದಿಂದ ಕೇಳಿಕೊಂಡು ಬಂದಿದ್ದಾರೆ. ಈ ಮಾತನ್ನು ಒರೆಗೆ ಹಚ್ಚಬೇಕಾದರೆ ಕೋಲಾರದ ಚಿನ್ನದ ಗಣಿಯ ಚರಿತ್ರೆ ನೋಡಬೇಕು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಮೈಸೂರು ಸರ್ಕಾರ ನೆಲವನ್ನು ಗುತ್ತಿಗೆಗೆ ಕೊಟ್ಟು ರಾಜಧನ ಎಣಿಸಿಕೊಂಡಿತು. ಅಗೆಯೋಕೆ ಬಂದೋರು ಯಾರು? ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯ ಚೇರಿಗಳ ಅಸ್ಪೃಶ್ಯರು. 1876-78ರ ಬರ ಅವರ ಹೊಟ್ಟೆಗೆ ಬೆಂಕಿ ಇಟ್ಟಿತ್ತು. ಊರಲ್ಲಿ ಹೊಲ ಒಡೆಯನದು, ಗುಡಿಸಲು ನಿಂತ ನೆಲವೂ ಒಡೆಯನದೇ. ಅದನ್ನು ಬಿಟ್ಟು ಬಂದವರಿಗೆ ಗಣಿಯಲ್ಲಿ ಸಿಕ್ಕಿದ್ದೇನು? ಒಡೆಯ ಬದಲಾದ, ಅಷ್ಟೆ.

ಕಂಪನಿ ಸಾಲುಸಾಲಾಗಿ ಬಿದಿರು ತಟ್ಟಿಯ ಗುಡಿಸಲು ಹಾಕಿಸಿತು. ಅವಕ್ಕೆ ‘ಲೈನು’ ಅಂತ ಹೆಸರು. ದೊರೆಗಳಿಗೆ ತೋಟ, ಕ್ಲಬ್ಬು, ಬಂಗಲೆ. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಕೂಲಿಗಳಿಗೆ ಲೈನು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಬಂತು ಅಂತ ಪಾಠದಲ್ಲಿ ಹೆಮ್ಮೆಯಿಂದ ಹೇಳಿಕೊಡುತ್ತೇವೆ. ಆ ಕರೆಂಟು ಬಂದಿದ್ದು ಗಣಿಯ ಯಂತ್ರಗಳಿಗಾಗಿ ಅನ್ನೋದನ್ನೂ ಮಕ್ಕಳಿಗೆ ಹೇಳಬೇಕು.

ಲೈನಿನ ಮನೆ ಕೂಲಿಯವನ ಕಾಲಿಗೆ ಕಟ್ಟಿದ ಹಗ್ಗ. ನೆಲ ಗಣಿಯ ಗುತ್ತಿಗೆಯದು, ಅದರಲ್ಲಿ ಒಂದಡಿ ಜಾಗವನ್ನೂ ಅವನು ಕೊಳ್ಳುವಂತಿರಲಿಲ್ಲ. ಪಕ್ಕದ ರಾಬರ್ಟ್‌ಸನ್‌ಪೇಟೆಯಲ್ಲಿ ಕೊಳ್ಳೋಣವೆಂದರೆ ಕೈಯಲ್ಲಿ ಕಾಸು ನಿಲ್ಲುತ್ತಿರಲಿಲ್ಲ. ಸಂಬಳದ ದಿನ ಸಾಲದವನು ಕಾದಿರುತ್ತಿದ್ದ. ಕೆಲಸ ಹೋದರೆ ಸೂರೂ ಹೋಯಿತು. ಹೀಗಿದ್ದೂ 1930ರಲ್ಲಿ, ಕಂಪನಿ ಬೆರಳಚ್ಚು ಕೊಡಿ ಎಂದಾಗ, ಇದೇ ಜನ ಕೆಲಸ ನಿಲ್ಲಿಸಿ ಬೀದಿಗಿಳಿದರು. ಕೂಲಿಯ ಜತೆ ಗುಡಿಸಲನ್ನೂ ಪಣಕ್ಕಿಟ್ಟು ಮಾಡಿದ ಮುಷ್ಕರ ಅದು. ಅದಕ್ಕೂ ಮೊದಲೇ, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಅಯೋತಿ ದಾಸ ಪಂಡಿತರ ಶಾಕ್ಯ ಬೌದ್ಧ ಸಂಘ ಮಾರಿಕುಪ್ಪದಲ್ಲಿ ಬೇರು ಬಿಟ್ಟಿತ್ತು. ಮನೆ ತಮ್ಮದಾಗದ ಜನ ಮಾನವನ್ನು ತಮ್ಮದು ಮಾಡಿಕೊಂಡಿದ್ದರು.

1956ರಲ್ಲಿ ಗಣಿ ರಾಜ್ಯ ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರದ್ದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಬೋರ್ಡು ಬದಲಾಯಿತು, ಮನೆ ಮಾತ್ರ ಕಂಪನಿಯದೇ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಬಂಡೆ ಸಿಡಿತಕ್ಕೆ ಸಿಕ್ಕಿ ಸತ್ತವರು, ಕಲ್ಲುಧೂಳು ಕುಡಿದು ಎದೆ ಸವೆಸಿಕೊಂಡವರು ಎಷ್ಟೋ ಜನ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಕೆಲಸ ಕಳಕೊಂಡ ಕುಟುಂಬಗಳು ಸಯನೈಡ್ ದಿಬ್ಬಗಳ ಧೂಳಿನಲ್ಲಿ ಅವೇ ಹಳೆಯ ಲೈನುಗಳಲ್ಲಿ ಉಳಿದವು. ಮನೆಯನ್ನು ನಮ್ಮ ಹೆಸರಿಗೆ ಮಾಡಿ ಅಂತ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು.

ಗಣಿಯವರ ಮಕ್ಕಳು ಬೆಳಕು ಹರಿಯೋ ಮುಂಚೆ ಮಾರಿಕುಪ್ಪದ ರೈಲು ಹತ್ತುತ್ತಾರೆ. 1894ರಲ್ಲಿ ಗಣಿಗಾಗಿ ಹಾಕಿದ ಹಳಿ ಅದು. ಈಗ ಅದರ ಮೇಲೆ ದಿನಾ ಬೆಂಗಳೂರಿಗೆ ಹೋಗೋದು ಕೂಲಿ. ಅಲ್ಲಿ ಅವರು ಬೇರೆಯವರ ಅಪಾರ್ಟ್‌ಮೆಂಟು ಕಟ್ಟುತ್ತಾರೆ, ಗುಡಿಸುತ್ತಾರೆ, ಗೇಟು ಕಾಯುತ್ತಾರೆ; ರಾತ್ರಿ ತಿರುಗಿ ರೈಲು ಹತ್ತುತ್ತಾರೆ. ಅಲ್ಲೇ ಇರೋಣವೆಂದರೆ ಬಾಡಿಗೆಗೇ ಸಂಬಳ ಸಾಲದು, ಇನ್ನು ಸೈಟು ಕೊಳ್ಳೋ ಮಾತೆಲ್ಲಿ? ಅಜ್ಜ ಪಾತಾಳಕ್ಕಿಳಿದ, ಮೊಮ್ಮಗ ಹತ್ತನೇ ಮಹಡಿಗೆ ಹತ್ತಿದ. ನಡುವೆ ಇರೋ ನೆಲ ಇಬ್ಬರಿಗೂ ದಕ್ಕಲಿಲ್ಲ.

ಸೋಮಾರಿತನದ ಕತೆ ಹೇಳೋರು ಈ ಲೆಕ್ಕಕ್ಕೆ ಉತ್ತರ ಕೊಡಲಿ. ದುಡಿಮೆಯಿಂದ ನೆಲ ಸಿಗೋದಾದರೆ ಕೆಜಿಎಫ್ ಪೂರಾ ಇವರದಾಗಬೇಕಿತ್ತು. ನೆಲ ಸಿಕ್ಕಿದ್ದು ಗುತ್ತಿಗೆ ಪತ್ರ ಬರೆಯೋ ಕೈಗಳಿಗೆ. ಆದ್ದರಿಂದ ಗೆಳೆಯರೆ, ಲೈನಿನ ಮನೆಗಳ ಹಕ್ಕುಪತ್ರ ಕೇಳುವಾಗ ಯಾರ ಮುಂದೆಯೂ ಕೈ ಕಟ್ಟಿ ನಿಲ್ಲಬೇಕಾಗಿಲ್ಲ. ಅದು ನೂರಿಪ್ಪತ್ತು ವರ್ಷದ ಬಾಕಿ ಕೂಲಿ.