ಲ್ಯಾಕ್ಸ್‌ಟನ್

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರಿನ ಒಂದು ಚಿಕ್ಕ ಹಳ್ಳಿ. ಬೇಲಿಯಿಲ್ಲದ ಬಯಲು ಹೊಲಗಳನ್ನು ಪಟ್ಟಿಗಳಾಗಿ ಹಂಚಿಕೊಂಡು, ಒಂದೇ ಕಟ್ಟಳೆಗೆ ಒಳಪಟ್ಟು ಬೇಸಾಯ ಮಾಡುವ ಮಧ್ಯಯುಗದ ಪದ್ಧತಿ ಇಲ್ಲಿ ತನ್ನ ನ್ಯಾಯಸಭೆಯ ಸಮೇತ ಈಗಲೂ ಬಾಳುತ್ತಿದೆ.

1086ರ ಡೂಮ್ಸ್‌ಡೇ ದಾಖಲೆಯಲ್ಲಿ ಊರಿನ ಹೆಸರಿದೆ. ನಾರ್ಮನ್ನರು ಕಟ್ಟಿದ ಕೋಟೆಯಲ್ಲಿ ಮಣ್ಣಿನ ದಿಬ್ಬಗಳಷ್ಟೇ ಉಳಿದಿವೆ. ಕೋಟೆಗಿಂತ ಬೆಲೆಬಾಳುವುದು 1635ರ ನಕ್ಷೆ. ಆಗಿನ ಒಡೆಯ ಸರ್ ವಿಲಿಯಂ ಕೋರ್ಟೀನನಿಗಾಗಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಒಂದೊಂದು ಪಟ್ಟಿಯನ್ನೂ ಅಳೆದು ಬರೆದ. ಉಳುವವರು, ಕೊಯ್ಯುವವರ ಪುಟ್ಟ ಚಿತ್ರಗಳೂ ಅದರಲ್ಲಿವೆ. ಈಗ ಅದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.

ಪಶ್ಚಿಮದ ಹೊಲ, ಗಿರಣಿ ಹೊಲ, ದಕ್ಷಿಣದ ಹೊಲ ಎಂಬ ಮೂರು ದೊಡ್ಡ ಹೊಲಗಳಲ್ಲಿ ಸರದಿ ಬೆಳೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ನೇಗಿಲು ಹೊರಳಲಾರದ ತಗ್ಗುಗಳನ್ನು ಹುಲ್ಲಿಗೆ ಬಿಟ್ಟು, ಆ ಹುಲ್ಲನ್ನು ಹರಾಜು ಹಾಕುತ್ತಾರೆ.

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಸಂಸತ್ತಿನ ಕಾಯಿದೆಗಳ ಬಲದಿಂದ ಇಂಗ್ಲೆಂಡಿನಲ್ಲಿ ಉಳಿದಿದ್ದ ಬಹುತೇಕ ಬಯಲು ಹೊಲಗಳಿಗೆ ಬೇಲಿ ಬಿತ್ತು. ಸಣ್ಣ ರೈತರೂ ಮೇವಿನ ಹಕ್ಕನ್ನೇ ನಂಬಿದ್ದ ಬಡವರೂ ನೆಲೆ ಕಳೆದುಕೊಂಡರು. ಲ್ಯಾಕ್ಸ್‌ಟನ್ನಿನಲ್ಲೂ ಬೇಲಿ ಶುರುವಾಗಿತ್ತು, ಆದರೆ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಚಿಕ್ಕ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿದರೂ ಪದ್ಧತಿ ಮುರಿಯಲಿಲ್ಲ. 1938ರಲ್ಲಿ ಆರ್ವಿನ್ ದಂಪತಿ ಈ ಊರನ್ನೇ ಆಧರಿಸಿ ಬರೆದ ಗ್ರಂಥ ವಿದ್ವಾಂಸರ ಕಣ್ಣನ್ನು ಇತ್ತ ತಿರುಗಿಸಿತು. 1952ರಲ್ಲಿ ಕೃಷಿ ಸಚಿವಾಲಯ ಜಮೀನನ್ನು ಕೊಂಡಿತು. 1981ರಲ್ಲಿ ಅದು ಕ್ರೌನ್ ಎಸ್ಟೇಟ್‌ಗೆ, 2020ರಲ್ಲಿ 1952ಕ್ಕೂ ಮೊದಲಿನ ಒಡೆಯರ ಥೋರ್ಸ್‌ಬಿ ಎಸ್ಟೇಟ್‌ಗೆ ಹೋಯಿತು.

ಒಡೆತನ ಯಾರದೇ ಇರಲಿ, ಹೊಲ ಕಾಯುವುದು ಊರಿನ ಪಂಚರ ಕೆಲಸ, ಲ್ಯಾಕ್ಸ್‌ಟನ್ನಿನ ಜೀವ ಇರುವುದೂ ಅಲ್ಲಿಯೇ. ನವೆಂಬರ್ ಕೊನೆಯ ಹೊತ್ತಿಗೆ ಗೋಧಿ ಬಿತ್ತಿದ ಹೊಲವನ್ನು ಪಂಚರು ಸುತ್ತಿ ಬರುತ್ತಾರೆ. ಯಾರ ನೇಗಿಲ ಸಾಲು ದಾರಿಗೋ ಹುಲ್ಲಿನ ಅಂಚಿಗೋ ಒತ್ತಿದೆಯೋ ಅಲ್ಲಿ ಗಡಿಗೂಟ ನೆಡುತ್ತಾರೆ. ಪಂಚರಲ್ಲೇ ಒಬ್ಬರ ತಪ್ಪಾದರೂ ಬಿಡುವುದಿಲ್ಲ. ವಾರದ ಬಳಿಕ ಊರಿನ ಡವ್‌ಕೋಟ್ ಪಬ್ಬಿನಲ್ಲಿ 'ಕೋರ್ಟ್ ಲೀಟ್' ಎಂಬ ನ್ಯಾಯಸಭೆ ಕೂಡಿ ದಂಡ ಗೊತ್ತುಮಾಡುತ್ತದೆ, ಮುಂದಿನ ವರ್ಷದ ಪಂಚರನ್ನು ನೇಮಿಸುತ್ತದೆ. 1977ರ ಕಾಯಿದೆ ದೇಶದ ಇಂಥ ಬಹುತೇಕ ಸಭೆಗಳ ಅಧಿಕಾರ ಕಿತ್ತುಕೊಂಡಾಗಲೂ ಲ್ಯಾಕ್ಸ್‌ಟನ್ನಿನ ಸಭೆಯ ಅಧಿಕಾರವನ್ನು ಉಳಿಸಿತು.